ಎಡಗಡೆ ಬಾಗಿಲಿನ ಸ್ಪೀಕರ್

"ಯಾರ ಕೇಳ್ಬುಟ್ಟು ಕುಯ್ದೆ ನನ್ನ ವಂಡಿಯ?"

ತಾಳವಾಡಿ ಬಸ್ ಸ್ಟ್ಯಾಂಡಿನ ಪಕ್ಕದ ಕಾರ್ ಸೆಟ್ ಅಂಗಡಿಯ ಮುಂದೆ ನಿಂತು ಸುಧಾಮಣಿ ಕೇಳಿದ ದನಿಗೆ, ಎದುರಿನ ಟೀ ಅಂಗಡಿಯವನು ಉಕ್ಕುತ್ತಿದ್ದ ಹಾಲನ್ನೂ ಮರೆತು ತಿರುಗಿ ನೋಡಿದ.

ಅವಳ ವಂಡಿ ಒಂದು ಮಾರುತಿ ಈಕೋ ವ್ಯಾನು. ಅದರ ಎಡಗಡೆ ಬಾಗಿಲು ಬಾಯಿ ಬಿಟ್ಟುಕೊಂಡು ನಿಂತಿತ್ತು. ಬಾಗಿಲ ಒಳಗಿನ ಪ್ಲಾಸ್ಟಿಕ್ ಹಲಗೆ ಗೋಣಿಚೀಲದ ಮೇಲೆ ಮಲಗಿತ್ತು. ಅದರಲ್ಲಿ ಊಟದ ತಟ್ಟೆಯಷ್ಟು ಅಗಲದ ತೂತು...

ಬ್ಲೇಡು ಹಿಡಿದು ಕೂತಿದ್ದವನು ತಲೆ ಎತ್ತಿದ. ಮನೋಹರ ಅಂತ ಅವನ ಹೆಸರು. ಅದು ಅವಳಿಗೆ ಆಮೇಲೆ ಗೊತ್ತಾದದ್ದು. ಆ ಗಳಿಗೆಯಲ್ಲಿ ಕಂಡದ್ದು ಎರಡು ಕಣ್ಣು, ಅಷ್ಟೇ. ಬೈಸಿಕೊಂಡರೂ ಸಿಟ್ಟಾಗದ ಕಣ್ಣು.

"ಸ್ಪೀಕರ್ ಬಾಗ್ಲೊಳಗ ಕೂರ್ಬೇಕು ಅಂದ್ರ ಕುಯ್ಯದೆ ಇನ್ನೆಂಗವ್ವ ಕೂರುಸ್ಲಿ? ದಾರ ಕಟ್ಟಿ ನೇತಾಕ್ಲಾ?"

"ನೇತಾಕು. ಇದು ನಮ್ಮಪ್ಪನ ವಂಡಿ ಕಣ. ಒಂದು ಗೀಟು ಬಿದ್ರೂ ಉಣ್ತಿರ್ನಿಲ್ಲ ಅಪ್ಪ. ನೀ ನೋಡುದ್ರ..."

ಮಾತು ಅಲ್ಲಿಗೇ ನಿಂತಿತು. ಸುಧಾಮಣಿ ಸಿಟ್ಟು ಬಂದರೆ ಎದುರಿಗೆ ಯಾರು ಅಂತ ನೋಡುವವಳಲ್ಲ. ಆದರೆ ಅಪ್ಪನ ಸುದ್ದಿ ಬಂದರೆ ಮಾತ್ರ ಸಿಟ್ಟು ಅರ್ಧ ದಾರಿಯಲ್ಲೇ ಕಣ್ಣೀರಾಗಿಬಿಡುತ್ತದೆ. ಅಪ್ಪ ಜಡೆಸ್ವಾಮಿ ತೀರಿಕೊಂಡ ಮೇಲೆ ಆ ಈಕೋ ಅವಳದು. ಗೆಟ್ಟವಾಡಿಯಿಂದ ಚಾಮರಾಜನಗರಕ್ಕೆ ದಿನಾ ಕೆಲಸಕ್ಕೆ ಹೋಗುವ ಹೆಂಗಸರನ್ನು ಬೆಳಗ್ಗೆ ಬಿಟ್ಟು ಸಂಜೆ ಕರೆತರುವುದು ಅವಳ ಕೆಲಸ. ಆ ಹೆಂಗಸರೇ, ಅದರಲ್ಲೂ ಬಟ್ಟೆ ಅಂಗಡಿಯ ಶಿಲ್ಪ, ದಾರೀಲಿ ಹಾಡು ಪಾಟು ಕೇಳಕ್ಕ ಒಂದು ಸೆಟ್ಟಾದ್ರೂ ಬ್ಯಾಡ್ವಾ ಅಂತ ತಲೆ ತಿಂದು ಅವಳನ್ನು ಇಲ್ಲಿಗೆ ಕಳಿಸಿದ್ದು.

ಮನೋಹರ ಬ್ಲೇಡು ಕೆಳಗಿಟ್ಟ.

"ಕೇಳ್ಬೇಕಾಗಿತ್ತು. ತಪ್ಪಾಯ್ತು," ಅಂದ. ಕುಯ್ದು ತೆಗೆದ ದುಂಡನೆಯ ತುಂಡನ್ನು ಒರೆಸಿ, ಪೇಪರಿನಲ್ಲಿ ಸುತ್ತಿ ಅವಳ ಕೈಗೆ ಕೊಟ್ಟ. "ಇಟ್ಕಳಿ. ಅಪ್ಪಂದಲ್ವಾ."

ಜಗಳಕ್ಕೆ ಬಂದವಳ ಕೈಗೆ ಹೀಗೆ ಯಾರಾದರೂ ಏನಾದರೂ ಕೊಡುತ್ತಾರಾ?

ಅವನು ಕೆಲಸ ಮುಂದುವರಿಸಿದ. ಬಾಗಿಲ ಸಂದಿನ ರಬ್ಬರಿನೊಳಗಿಂದ ವೈರು ಎಳೆದ. ಆಮೇಲೆ ಗಡಿಯಾರಕ್ಕೆ ಹಾಕುವಂಥ ಒಂದು ಶೆಲ್ಲು ಅವಳಿಗೆ ಕೊಟ್ಟು, "ಈ ಎರಡು ವೈರ್ಗೂ ಮುಟ್ಸಿ ಮುಟ್ಸಿ ಬುಡಿ. ನಾ ನೋಡ್ತಿನಿ," ಅಂದ.

ಅವಳು ಮುಟ್ಟಿಸಿದಳು. ಸ್ಪೀಕರಿನ ಕಪ್ಪು ಹಾಳೆ ಟಪ್ ಅಂತ ಒಂದಿಷ್ಟು ಮುಂದಕ್ಕೆ ಬಂತು.

"ಇದು ಮುಂದಕ್ಕ ಬಂತು. ಬಲಗಡೇದೂ ಮುಂದಕ್ಕೇ ಬರ್ಬೇಕು. ಒಂದು ಮುಂದಕ್ಕ, ಒಂದು ಇಂದಕ್ಕ ಆದ್ರ ಎರಡೂ ಸೌಂಡ ಒಂದುನ್ನೊಂದು ತಿಂದಾಕ್ತವ. ನೋಡಕ್ಕ ಎರಡೂ ಚೆನ್ನಾಗೇ ಇರ್ತವ, ಕೇಳಕ್ಕ ಮಾತ್ರ ಏನೂ ಇರಕಿಲ್ಲ."

ಅವಳು ಇನ್ನೊಮ್ಮೆ ಮುಟ್ಟಿಸಿದಳು. ಈ ಸಲ ಹಾಳೆಯ ಹತ್ತಿರ ಅವನ ಬೆರಳಿತ್ತು. ನೋಡೋಣ ಅಂತ ಅವಳೂ ಬೆರಳು ಇಟ್ಟಳು. ಟಪ್ ಅಂದದ್ದು ಸ್ಪೀಕರೋ, ತನ್ನ ಎದೆಯೋ... ಅವಳಿಗೆ ಸರಿಯಾಗಿ ತಿಳಿಯಲಿಲ್ಲ.

ಅಷ್ಟರಲ್ಲಿ ಸಂತೆಯಿಂದ ಅವ್ವ ಶಾಂತಮಲ್ಲಮ್ಮ ಚೀಲ ಹೊತ್ತುಕೊಂಡು ಬಂದಳು. ಬಂದವಳು ಸ್ಪೀಕರ್ ನೋಡಲಿಲ್ಲ, ತೂತು ನೋಡಲಿಲ್ಲ. ನೋಡಿದ್ದು ಆ ಹುಡುಗನ ಮುಖ.

"ಯಾರ ಮಗ್ನಪ್ಪ ನೀನು?"

"ಜೀರಳ್ಳಿ ಚಿಕ್ಕಮಾದಮ್ಮನ ಮಗ ಕಣವ್ವ."

ಶಾಂತಮಲ್ಲಮ್ಮ ಚೀಲವನ್ನು ನೆಲಕ್ಕಿಟ್ಟಳು. "ನಮ್ಮ ತವರೂರು ತಾಳಮಲೆ ಚಿಕ್ಕಮಾದಿ ಮಗ್ನಾ? ಅವ್ಳೂ ನಾನೂ ಒಂದೇ ಬೀದೀಲಿ ಆಡಿ ಬೆಳ್ದವ್ರು ಕಣ್ಲಾ. ನನ್ನ ಅಕ್ಕ ಅಂತಿದ್ಲು. ಅಂಗಂದ್ಮೇಲ ನೀ ನಂಗ ಮಗ ಆಗ್ಬೇಕು. ನಮ್ಮ ಸುಧಾಗ ಅಣ್ಣ."

ಮುಗಿಯಿತು!

ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಸುಧಾಮಣಿಗೆ ತನ್ನ ಮನಸ್ಸಿನಲ್ಲಿ ಏನೋ ಶುರುವಾಗಿದೆ ಅಂತ ಗೊತ್ತಾದದ್ದೂ, ಅದು ಆಗುವಂಥದ್ದಲ್ಲ ಅಂತ ಗೊತ್ತಾದದ್ದೂ ಒಂದೇ ಉಸಿರಿನಲ್ಲಿ. ರಕ್ತ ಸಂಬಂಧ ಏನೂ ಇರಲಿಲ್ಲ, ಬರೀ ಬಾಯಿಮಾತಿನ ವರಸೆ. ಆದರೂ ಆ ಬೆಟ್ಟದ ಊರುಗಳಲ್ಲಿ ಅಣ್ಣ ತಂಗಿ ಅಂತ ಹಿರಿಯರ ಬಾಯಲ್ಲಿ ಒಮ್ಮೆ ಬಂದುಬಿಟ್ಟರೆ ಆಯಿತು. ಆಮೇಲೆ ಬೇರೆ ಥರ ನೋಡಿದರೆ ಅದು ಪಾಪ.

*

ಶಾಂತಮಲ್ಲಮ್ಮನನ್ನು ಬೈಯುವ ಹಾಗಿಲ್ಲ. ಸುಧಾ ಹುಟ್ಟಿದ ಮೇಲೆ ಅವಳಿಗೊಂದು ಗಂಡು ಮಗು ಹುಟ್ಟಿ, ಹೆಸರಿಡುವ ಮೊದಲೇ ಹೋಗಿತ್ತು. ಯಾರ ಮನೆಯ ಹುಡುಗನನ್ನು ಕಂಡರೂ ಅವಳ ಕಣ್ಣು ಅವನ ವಯಸ್ಸನ್ನು ಲೆಕ್ಕ ಹಾಕುತ್ತಿತ್ತು. ಈಗ ಒಬ್ಬ ಸಿಕ್ಕಿದ್ದ. ಬಿಡುತ್ತಾಳಾ?

"ನಾ ಸತ್ತೋದ್ರ ನಿಂಗ ತವರು ಅಂತ ಒಬ್ಬ ಆದ ಕಣೆ. ಇನ್ನ ನಂಗ ಯೋಚ್ನ ಇಲ್ಲ," ಅಂತ ಮಗಳ ತಲೆ ಸವರುತ್ತಿದ್ದಳು. ಮಗಳು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದಳು.

ಮನೋಹರನೂ ಮನೆಗೆ ಬರಲು ಶುರು ಮಾಡಿದ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡವನು. ತಾಯಿ ಹೊಲ ಮನೆ ಅಂತ ದುಡಿದು ಬೆಳೆಸಿದ್ದಳೇ ಹೊರತು, ಪಕ್ಕದಲ್ಲಿ ಕೂತು ಇನ್ನೊಂದು ಮುದ್ದೆ ಹಾಕಿಸಿಕೋ ಅನ್ನಲು ಅವಳಿಗೆ ಪುರುಸೊತ್ತಿರಲಿಲ್ಲ. ಶಾಂತಮಲ್ಲಮ್ಮ ಕೂರಿಸಿಕೊಂಡು ಬಡಿಸಿದಳು. "ತಿನ್ಲಾ, ಸೊರಗೋಗಿದ್ದೀಯ," ಅಂದಳು. ಅವನು ಅವಳನ್ನು ಅವ್ವ ಅಂತಲೇ ಕರೆದ, ಬಾಯ್ತುಂಬ.

ಸುಧಾಮಣಿಯನ್ನು ಮಾತ್ರ ಅವನು ಏನಂತಲೂ ಕರೆಯುತ್ತಿರಲಿಲ್ಲ.

ಇತ್ತ ಈಕೋದ ಎಡಗಡೆ ಸ್ಪೀಕರ್ ಪದೇ ಪದೇ ಕೆಡತೊಡಗಿತು. ಮೊದಲ ಸಲ ಕೆಟ್ಟದ್ದು ನಿಜ. ಗಾಜು ಇಳಿಸಿದರೆ ಸ್ಪೀಕರಿನ ಬೆನ್ನಿಗೆ ತಾಗಿ ಅರ್ಧಕ್ಕೇ ನಿಲ್ಲುತ್ತಿತ್ತು. ಮನೋಹರ ತನ್ನ ತಪ್ಪೇ ಅಂತ ಒಪ್ಪಿಕೊಂಡು ಸರಿಮಾಡಿಕೊಟ್ಟ. ಆಮೇಲಿನದೆಲ್ಲ ಸುಧಾಮಣಿಯದೇ ಕೈವಾಡ. ಹೆಂಗಸರನ್ನೆಲ್ಲ ಇಳಿಸಿದ ಮೇಲೆ ಹಲಗೆಯ ಸಂದಿಗೆ ಬೆರಳು ಹಾಕಿ ವೈರು ಸಡಿಲ ಮಾಡುವಳು. ಮಾರನೆಯ ದಿನ ತಾಳವಾಡಿಗೆ ಹೋಗಿ, "ಮತ್ತ ನಿಂತೋಯ್ತು," ಅನ್ನುವಳು.

ಅವನು ಹಲಗೆ ಬಿಚ್ಚುವನು, ವೈರು ನೋಡುವನು, ಸಡಿಲಾದ ತುದಿಯನ್ನು ಬೆರಳಲ್ಲಿ ತಿರುಗಿಸುವನು. ಆಮೇಲೆ ಏನೂ ಕೇಳದೆ ಸಿಕ್ಕಿಸುವನು.

'ಅವನಿಗೆ ಗೊತ್ತಾಗಿದ್ಯಾ? ಗೊತ್ತಾಗಿದ್ರೆ ಯಾಕೆ ಬೈತಿಲ್ಲ? ಗೊತ್ತಾಗದೆ ಇದ್ರೆ ಎಂಥ ಕೆಲಸಗಾರ?' ಅಂತ ದಾರಿಯುದ್ದಕ್ಕೂ ತನ್ನಲ್ಲೇ ಜಗಳ. ಗೊತ್ತಾಗಿದ್ದರೂ ಏನು ಬಂತು? ಆಗುವ ಮಾತಲ್ಲವಲ್ಲ...

ಗೌರಿ ಹಬ್ಬ ಬಂತು. ಅಣ್ಣನಾದವನು ತಂಗಿಗೆ ಬಳೆ ಕೊಡಬೇಕು. ಶಾಂತಮಲ್ಲಮ್ಮ ಬೀದಿಯ ನಾಲ್ಕು ಹೆಂಗಸರನ್ನು ಕರೆದು ಕೂರಿಸಿ, "ಕೊಡಪ್ಪ ನಿನ್ನ ತಂಗಿಗ," ಅಂದಳು. ಮನೋಹರ ಹಸಿರು ಬಳೆಯ ಪೊಟ್ಟಣವನ್ನು ಅವಳ ಕೈಗೆ ಕೊಡಲಿಲ್ಲ. ಅವಳ ಮುಂದಿನ ಮಣೆಯ ಮೇಲೆ ಇಟ್ಟ.

ಅವಳಿಗೆ ಅದೇ ಚುಚ್ಚಿತು. 'ಕೈಗೆ ಕೊಡುವಷ್ಟೂ ಬೇಡವಾದೆನಾ?'

ಆ ಉರಿಗೆ, ನಾಲ್ಕು ಜನರ ಮುಂದೆ, ಬೇಕು ಅಂತಲೇ ಅಂದಳು: "ಚೆನ್ನಾಗವ ಕಣಣ್ಣ."

ಅವನ ಮುಖ ಬಾಡಿತು. 'ಓ, ಇವಳ ಮನಸ್ಸಿನಲ್ಲಿ ಇರುವುದು ಇಷ್ಟೇ,' ಅಂದುಕೊಂಡ. ಆ ಸಂಜೆಯೇ ಶಾಂತಮಲ್ಲಮ್ಮ, "ಕೊಳ್ಳೇಗಾಲದ ಕಡೇದು ಒಂದು ಒಳ್ಳೆ ಸಂಬಂಧ ಬಂದದ ಕಣ್ಲಾ. ವೀಳ್ಯಶಾಸ್ತ್ರದ ದಿನ ತಟ್ಟೆ ಇಡಿಯಕ್ಕ ಅಣ್ಣ ಅಂತ ನೀ ಬರ್ಬೇಕು," ಅಂದಾಗ, "ಆಯ್ತು ಕಣವ್ವ," ಅಂದುಬಿಟ್ಟ.

ಬಾಗಿಲ ಹಿಂದೆ ನಿಂತು ಅದನ್ನು ಕೇಳಿಸಿಕೊಂಡ ಸುಧಾಮಣಿ, 'ಓ, ಇವನ ಮನಸ್ಸಿನಲ್ಲಿ ಇರುವುದು ಇಷ್ಟೇ,' ಅಂದುಕೊಂಡಳು. ಗಂಡಿನ ಫೋಟೋ ತೋರಿಸಿದಾಗ ನೋಡದೆಯೇ ಒಪ್ಪಿದಳು.

*

ವೀಳ್ಯದ ದಿನ ಬೆಳಗ್ಗೆ ಗಂಡಿನ ಕಡೆಯವರು ಬಂದರು. ಗಂಡು ಸೋಮಶೇಖರ, ಸಣ್ಣ ದನಿಯ ಮರ್ಯಾದಸ್ಥ. ಅವನಲ್ಲಿ ತೆಗಳುವಂಥದ್ದು ಏನೂ ಇರಲಿಲ್ಲ. ಸುಧಾಮಣಿಗೆ ಅದೇ ಇನ್ನೂ ಸಂಕಟ.

ಅವರ ಕಾರಿನ ಸ್ಪೀಕರೊಂದು ದಾರಿಯುದ್ದಕ್ಕೂ ಗೊರಗೊರ ಅಂದಿತಂತೆ. ಮಾತಿಗೆ ಮಾತು ಬಂದಾಗ ಶಾಂತಮಲ್ಲಮ್ಮ ಎದೆಯುಬ್ಬಿಸಿ, "ಅಯ್ಯೋ, ನನ್ನ ಮಗ ಇಲ್ವಾ, ಗಳಿಗೇಲಿ ಮಾಡ್ಕೊಡ್ತಾನ," ಅಂದಳು.

ಹೀಗಾಗಿ, ಒಳಗೆ ಮಣೆ ಹಾಕಿ ತಟ್ಟೆಗೆ ಎಲೆ ಅಡಿಕೆ ಜೋಡಿಸುತ್ತಿರುವಾಗ, ಮನೋಹರ ಅಂಗಳದಲ್ಲಿ ಕೂತು, ಸುಧಾಮಣಿಯನ್ನು ಕಟ್ಟಿಕೊಳ್ಳುವವನ ಕಾರಿನ ಬಾಗಿಲು ಬಿಚ್ಚುತ್ತಿದ್ದ.

ಅವಳು ಒಳಗಿನ ಕೋಣೆಯ ಕಿಟಕಿಯಿಂದ ನೋಡಿದಳು. ಅವನ ಕೈ ಎಂದಿನಂತೆ ಆಡುತ್ತಿರಲಿಲ್ಲ. ಒಂದೇ ಸ್ಕ್ರೂ ಎರಡೆರಡು ಸಲ ಕೆಳಗೆ ಬಿತ್ತು.

'ಎದ್ದು ಹೊರಗೆ ಹೋಗಿ ಹೇಳಿಬಿಡಲಾ? ಏನಂತ ಹೇಳಲಿ? ಅಣ್ಣ ಅಂತ ಕರೆದವಳು ನಾನೇ ಅಲ್ವಾ?' ಇನ್ನು ಸ್ವಲ್ಪ ಹೊತ್ತು. ಅವನು ಆ ತಟ್ಟೆ ಹಿಡಿದರೆ, ಹಿರಿಯರ ಮುಂದೆ ಅವನು ಅವಳ ಅಣ್ಣ. ಈ ಜನ್ಮಕ್ಕೆ ಅಷ್ಟೇ.

"ಮನೋರಾ, ಆಯ್ತೇನ್ಲಾ? ಕೈ ತೊಳ್ಕಂಡು ಬಾ, ಒತ್ತಾಯ್ತು," ಅವ್ವ ಕೂಗಿದಳು.

ಅವನು ತೊಟ್ಟಿಯ ಹತ್ತಿರ ಹೋದ. ಸೋಪು ಹಚ್ಚಿ ಕೈ ತೊಳೆದ. ಮತ್ತೆ ತೊಳೆದ. ಮಸಿ ಹೋಗಿತ್ತು, ಆದರೂ ತೊಳೆಯುತ್ತಲೇ ಇದ್ದ. ಒಳಗಿದ್ದವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಕೊನೆಗೆ ಬಂದು ಹೊಸಿಲಿನ ಹೊರಗೇ ನಿಂತ. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅವ್ವ... ಈ ತಟ್ಟೆ ನಾ ಇಡಿಯಾಕಿಲ್ಲ."

"ಯಾಕ್ಲಾ? ಮೈ ಸರಿಯಿಲ್ವಾ?"

"ಸಾಯೋ ಗಂಟ ನಿಂಗ ಮಗ ಆಗಿರ್ತಿನಿ ಕಣವ್ವ. ಸುಧಾಗ ಅಣ್ಣ ಆಗಕ್ಕ ಮಾತ್ರ ನನ್ನ ಕೈಲಿ ಆಗಕಿಲ್ಲ."

ಕೋಣೆಯೊಳಗೆ ಸುಧಾಮಣಿ ಕಿಟಕಿಯ ಸರಳು ಹಿಡಿದುಕೊಂಡಳು. ಕೇಳಬೇಕು ಅಂತ ಇಷ್ಟು ದಿನ ಕಾದ ಮಾತು ಕೇಳಿಸಿತ್ತು, ಅದೂ ಯಾವತ್ತೂ ಕೇಳಬಾರದಿದ್ದ ಹೊತ್ತಿನಲ್ಲಿ. ಖುಷಿಯೋ, ಹೆದರಿಕೆಯೋ, ಎರಡೂ ಒಟ್ಟಿಗೆ ಎದೆಗೆ ಬಡಿದವು.

ಗಂಡಿನ ಕಡೆಯ ಹಿರಿಯರೊಬ್ಬರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಯಾರೂ ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಸೋಮಶೇಖರ ಕಾರಿನ ಕೀ ತಿರುಗಿಸಿದ ಕೂಡಲೇ, ಆಗತಾನೆ ಸರಿಯಾಗಿದ್ದ ಸ್ಪೀಕರಿನಿಂದ ಹಾಡೊಂದು ಬೀದಿಗೆಲ್ಲ ಕೇಳುವಂತೆ ಮೊಳಗಿತು. ಗಾಬರಿಬಿದ್ದು ನಿಲ್ಲಿಸಿದ. ಕಾರು ಸದ್ದಿಲ್ಲದೆ ಹೊರಟುಹೋಯಿತು.

ಶಾಂತಮಲ್ಲಮ್ಮ ತಟ್ಟೆಯ ಎಲೆಗಳನ್ನು ಒಂದೊಂದಾಗಿ ಎತ್ತಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಮನೋಹರನ ಕಡೆ ನೋಡಲಿಲ್ಲ. ಮಗಳ ಕಡೆಯೂ ನೋಡಲಿಲ್ಲ.

*

ಅವತ್ತಿನಿಂದ ಮನೆಯಲ್ಲಿ ಮಾತು ನಿಂತಿತು. ಅವ್ವ ಬಡಿಸುವಳು, ಮಗಳು ಉಣ್ಣುವಳು. ಊರಿನವರು ಮಾತ್ರ ಸುಮ್ಮನಿರಲಿಲ್ಲ. ಅಣ್ಣ ಅಂತ ಮನೆಯೊಳಕ್ಕೆ ಬಿಟ್ಟುಕೊಂಡು ನೋಡಿ ಏನಾಯಿತು ಅಂತ ಕೊಳಾಯಿಯ ಹತ್ತಿರ ಆಡಿಕೊಂಡರು. ಈಕೋದಲ್ಲಿ ಶಿಲ್ಪ ಕೂಡ ಪಾಟು ಹಾಕು ಅನ್ನಲಿಲ್ಲ.

ತಾಳಲಾರದೆ ಒಂದು ದಿನ ಸುಧಾಮಣಿ ತಾಳವಾಡಿಗೆ ಹೋದಳು. ಅವನು ಯಾರದೋ ಹಳೆಯ ಸೆಟ್ ಬಿಚ್ಚಿಕೊಂಡು ಕೂತಿದ್ದ. ಗಡ್ಡ ಬೆಳೆದಿತ್ತು.

"ವೈರ್ ಬಿಟ್ಕಂತಾ?" ಅಂತ ಕೇಳಿದ, ತಲೆ ಎತ್ತದೆ.

"ನಾನೇ ಬುಡುಸ್ತಿದ್ದೆ."

"ಗೊತ್ತು. ಬೆರಳು ಆಕಿ ಎಳ್ದಿರದು ಕಾಣ್ತಿತ್ತು."

"ಗೊತ್ತಿದ್ದೂ ಯಾಕ ಸುಮ್ನಿದ್ದೆ?"

"ಕೇಳುದ್ರ ನೀ ಬರದು ನಿಲ್ಲುಸ್ಬುಟ್ರ ಅಂತ."

ಇಷ್ಟು ದಿನ ಎಷ್ಟು ಹೆದರಿಕೊಂಡಿದ್ದ ಮಾತು, ಎಷ್ಟು ಸುಲಭವಾಗಿ ಬಂದುಬಿಟ್ಟಿತು! ಆದರೆ ಬಂದು ಏನು ಪ್ರಯೋಜನ?

"ಬಳೆ ಯಾಕ ಕೈಗ ಕೊಡ್ನಿಲ್ಲ ನೀನು?" ಅವಳು ಕೇಳಿದಳು.

"ಕೈಗ ಕೊಟ್ರ ಅಣ್ಣ ಆಗ್ಬುಡ್ತಿದ್ದೆ."

ಸುಧಾಮಣಿ ಕಣ್ಣು ಮುಚ್ಚಿದಳು. ಅಷ್ಟು ಚೆನ್ನಾಗಿ ಪ್ರೀತಿಸಿದವನಿಗೆ ಅವಳು ಅಣ್ಣ ಅಂದಿದ್ದಳು.

"ನಡಿ, ಎಲ್ಗಾದ್ರೂ ಓಗ್ಬುಡಾಣ," ಅಂದಳು.

ಅವನು ತಲೆ ಅಲ್ಲಾಡಿಸಿದ. "ಅವ್ವನ್ನ ಬುಟ್ಟಾ? ಆಗಕಿಲ್ಲ ಸುಧಾ. ಪಕ್ಕದಲ್ಲಿ ಕೂತು ನಂಗ ಉಣ್ಣಾಕ್ದವ್ಳು ಅವ್ಳೊಬ್ಳೆಯ. ನಾಕು ಜನ್ರ ಮುಂದ ನಾ ಅವ್ಳ ತಲೆ ತಗ್ಗುಸ್ಬುಟ್ಟೆ. ಇನ್ನ ಮಗ್ಳ್ನೂ ಕರ್ಕಂಡೋದ್ರ ನಾ ಮನುಷ್ಯನಾ? ಓಗು. ಇಲ್ಗ ಬರ್ಬೇಡ."

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಅವಳು ದಾರಿಯುದ್ದಕ್ಕೂ ನೋಡಿದಳು. ಒಂದೂ ಸಿಗಲಿಲ್ಲ. ಕಾಡಿನ ಅಂಚಿನಲ್ಲಿ ವಂಡಿ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಒತ್ತಿ ಮನಸಾರೆ ಅತ್ತಳು.

*

ದಿನಗಳು ಕಳೆದವು. ಕೆಲಸದ ಹೆಂಗಸರಿಗೆ ರಜೆಯಿದ್ದ ಒಂದು ಬೆಳಗ್ಗೆ ಶಾಂತಮಲ್ಲಮ್ಮ ಮಂಡಿನೋವಿಗೆ ಮಾತ್ರೆ ತರಬೇಕೆಂದು ಮಗಳ ಪಕ್ಕದ ಸೀಟಿನಲ್ಲಿ ಕೂತಳು. ಊರು ದಾಟಿದ ಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ ಬಾಯಿ ಬಿಟ್ಟಳು.

"ಸೆಟ್ ಯಾಕ ಆಕಿಲ್ಲ?"

"ಕೆಟ್ಟೋಗದ ಕಣವ್ವ."

ಅವ್ವ ಕೈ ಚಾಚಿ ಗುಂಡಿ ಒತ್ತಿದಳು. ಹಾಡು ಬಂತು. ಎಡಗಡೆಯಿಂದಲೂ, ಬಲಗಡೆಯಿಂದಲೂ, ಚೊಕ್ಕವಾಗಿ. ಅವ್ವ ಅದನ್ನು ಆರಿಸಿದಳು.

"ಸರಿ ಇದ್ದಾಗ ಕೆಟ್ಟದ ಅಂತ ವಾರ್ವಾರ ತಾಳವಾಡಿಗ ಓಯ್ತಿದ್ದೆ. ಈಗ್ಲೂ ಸರಿ ಇರದ್ನೇ ಕೆಟ್ಟದ ಅಂತೀಯ." ಅವಳ ಕಣ್ಣು ರಸ್ತೆಯ ಮೇಲಿತ್ತು. "ಯಾವತ್ನಿಂದ ಸುಧಾ?"

ಸುಧಾಮಣಿ ವಂಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

"ಮೊದ್ಲು ದಿನದಿಂದ."

"ನಾ ಅವ್ನ ಮಗ ಅಂತ ಕರಿಯೋಕು ಮುಂಚಿಂದ್ಲಾ?"

"ಊಂ."

ಶಾಂತಮಲ್ಲಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಿಂಗ ಬೇಕಾದವ್ನ ನಾ ಕಿತ್ಕಂಡ್ಬುಟ್ನಲ್ಲವ್ವ," ಅಂದಳು. ಆಮೇಲೆ, "ವಂಡಿ ತಿರ್ಗ್ಸು. ಜೀರಳ್ಳಿಗ ನಡಿ."

ಜೀರಹಳ್ಳಿಯಲ್ಲಿ ಚಿಕ್ಕಮಾದಮ್ಮ ಜಗುಲಿಯ ಮೇಲೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅಂಗಡಿಗೆ ಹೊರಟಿದ್ದ ಮನೋಹರ ಈಕೋ ಕಂಡು ಅಂಗಳದಲ್ಲೇ ನಿಂತುಬಿಟ್ಟ.

ಶಾಂತಮಲ್ಲಮ್ಮ ಕೂರಲಿಲ್ಲ. "ಚಿಕ್ಕಮಾದಿ, ನಿನ್ನ ಕೇಳ್ದೆ ನಿನ್ನ ಮಗನ್ನ ನನ್ನ ಮಗ ಅಂದ್ಬುಟ್ಟಿದ್ದೆ. ಇವತ್ತು ಕೇಳಕ್ಕ ಬಂದಿವ್ನಿ. ನನ್ನ ಮಗ್ಳಿಗ ಕೊಡು."

ಚಿಕ್ಕಮಾದಮ್ಮನ ಕೈಯ ಬೆಳ್ಳುಳ್ಳಿ ಹಾಗೇ ಉಳಿಯಿತು. "ಏನಕ್ಕ ಇದು? ಗೌರಿ ಅಬ್ಬಕ್ಕ ಬಳೆ ಕೊಟ್ಟವ್ನೆ. ಜನ ಏನಂದಾರು? ನಾಳ ಒಂದು ಸಾವಿಗ, ಒಂದು ಮದ್ವಗ ನಮ್ಮ ಯಾರು ಕರೆದಾರು?"

"ವರಸೆ ಕಟ್ದವ್ಳು ನಾನು. ತಪ್ಪು ನಂದು ಅಂತ ಊರೋರ ಮುಂದ ನಾನೇ ಏಳ್ತಿನಿ."

"ಅವ್ರು ಒಪ್ಬೇಕಲ್ಲ."

"ಒಪ್ದೆ ಓದ್ರೂ ಏಳ್ತಿನಿ."

ಚಿಕ್ಕಮಾದಮ್ಮ ಊಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೆಳ್ಳುಳ್ಳಿಯ ಮೊರವನ್ನು ಸರಿಸಿ ಅಕ್ಕನಿಗೆ ಜಾಗ ಮಾಡಿಕೊಟ್ಟಳು, ಅಷ್ಟೇ.

ಶಾಂತಮಲ್ಲಮ್ಮ ಕೂರುವ ಮುಂಚೆ ಅಂಗಳದ ಕಡೆ ತಿರುಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸೆರಗನ್ನು ತಲೆಯ ಮೇಲೆ ಹೊದ್ದು, ಅಳಿಯನ ಮುಂದೆ ಅತ್ತೆಯಾದವಳು ನಿಲ್ಲುವ ಹಾಗೆ ಪಕ್ಕಕ್ಕೆ ಸರಿದು ನಿಂತು, "ಬನ್ನಿ," ಅಂದಳು. "ಒಳಿಕ್ಕ ಬನ್ನಿ."

ಮನೋಹರನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಕೂಡಲೇ ಅಷ್ಟು ದೊಡ್ಡ ಆಳು ಮಗುವಿನಂತೆ ಬಿಕ್ಕಿದ. "ನಂಗ ಬನ್ನಿ ಅನ್ಬೇಡ ಕಣವ್ವ. ಬಾರ್ಲಾ ಅನ್ನು... ಎರಡೇಟು ಒಡದ್ಬುಡು ಬೇಕಾರ."

"ಆಗಕಿಲ್ಲ ಕಣಪ್ಪ. ಎರಡೂ ಆಗಕ್ಕ ಆಗಕಿಲ್ಲ," ಅಂದಳು ಶಾಂತಮಲ್ಲಮ್ಮ. ಎರಡನೆಯ ಮಗನನ್ನೂ ಕಳೆದುಕೊಂಡು, ಒಳಗೆ ಹೋಗಿ ಕೂತಳು.

ಅಂಗಳದಲ್ಲಿ ಇಬ್ಬರೇ ಉಳಿದರು. ಸುಧಾಮಣಿ ಹತ್ತಿರ ಬಂದು ಅವನ ಕೈ ಹಿಡಿದಳು, ಮೊದಲ ಸಲ.

"ಸುಧಾ, ಊರು ಒಪ್ದೆ ಓದ್ರ?"

"ಒಪ್ಪಕಿಲ್ಲ ಅಂತಲೇ ಅನ್ಸುತ್ತ ನಂಗ."

"ಆಮೇಕ?"

"ಆಮೇಕ ಏನು? ಎಲ್ರೂ ಬಾಗ್ಲು ಆಕಂಡ್ರ, ನಮ್ಮ ಅವ್ವಂಗ ಇಬ್ರೂ ಕೂತು ಉಣ್ಣಾಕಣ."

ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ.

"ಅತ್ತೆ ಅನ್ನಕ್ಕ ಬಾಯೇ ಬರಕಿಲ್ವಲ್ಲ ಸುಧಾ..."

"ಬತ್ತದ ಕಣ. ನಿಧಾನಕ್ಕ ಬತ್ತದ. ನಡಿ, ಅವ್ವ ಒಬ್ಳೇ ಅಳ್ತಾವ್ಳೆ."